ಮೊದಲ ಇಳಿಜಾರು ಸಣ್ಣದಿರಲಿ

ನಾವು ಐದು ಜನ ಗೆಳೆಯರು. ಒಬ್ಬ ಸೇಡಂನವನು, ಒಬ್ಬ ಚಿತ್ತಾಪುರ, ಒಬ್ಬ ವಾಡಿ, ಒಬ್ಬ ಚಿಂಚೋಳಿ, ನಾನು ಶಹಾಬಾದ್. ಓದಿದ್ದು ಕಲಬುರಗಿಯ ಒಂದೇ ಕಾಲೇಜಿನಲ್ಲಿ. ಈಗ ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಹೈದರಾಬಾದಿನಲ್ಲಿ, ಇನ್ನಿಬ್ಬರಿಗೆ ಊರ ಕಡೆಯೇ ಸಿಮೆಂಟ್ ಫ್ಯಾಕ್ಟರಿ ಕೆಲಸ. ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲು ಉಂಡು ಬೆಳೆದ ನಮಗೆ ಬರ್ಫ ಅಂದರೆ ಐಸ್‌ಕ್ಯಾಂಡಿ ಗಾಡಿ, ಅಷ್ಟೇ. ಮೂರು ವರ್ಷದ ಹಿಂದೆ ದುಡ್ಡು ಕೂಡಿಹಾಕಿ ಸ್ಕೀಯಿಂಗ್ ಕಲಿಯೋಕೆ ಗುಲ್ಮಾರ್ಗಕ್ಕೆ ಹೋದೆವು.

ಮೊದಲ ದಿನ ಕೆಳಗಿನ ‘ಬೇಬಿ ಸ್ಲೋಪ್’ನಲ್ಲಿ ಬಿದ್ದೆವು, ಎದ್ದೆವು, ನಕ್ಕೆವು. ಎರಡನೇ ದಿನ ಏಳೆಂಟು ವರ್ಷದ ಒಬ್ಬ ಹುಡುಗ ನಮ್ಮ ನಡುವೆ ಗಾಳಿಯಂತೆ ಜಾರಿಹೋದ. ಚಿತ್ತಾಪುರದ ಗೆಳೆಯನಿಗೆ ಅವಮಾನ ಆದಂಗಾಯ್ತು. “ಇಲ್ಲೇ ಎಷ್ಟೊತ್ತು ಆಡಾದು? ಮ್ಯಾಲ ಹೋಗಮು ನಡ್ರಿ” ಅಂದ. ನಾವೂ ಹೂಂ ಅಂದೆವು. ಗೊಂಡೋಲಾ ಹತ್ತಿ ಮೊದಲ ಹಂತದ ಕೊಂಗ್ಡೂರಿಗೆ ಹೋದೆವು. ಅಲ್ಲಿಂದ ಇಳಿಯುವಾಗ ಅರ್ಧ ದಾರಿಯಲ್ಲಿ ಅವನಿಗೆ ವೇಗ ಹಿಡಿತಕ್ಕೆ ಸಿಗಲಿಲ್ಲ. ತಿರುಗಲು ಹೋಗಿ ಬಿದ್ದ. ಸ್ಕೀ ಕಾಲಿನಿಂದ ಬಿಚ್ಚಿಕೊಳ್ಳಲಿಲ್ಲ, ಮೊಣಕಾಲು ತಿರುಚಿತು. ಗಾಡಿಯಲ್ಲಿ ಮಲಗಿಸಿ ಕೆಳಗೆ ತರುವಾಗ ಅವನು ಹೇಳಿದ್ದು ಒಂದೇ ಮಾತು, “ನಮ್ಮವ್ವಗ ಹೇಳಬ್ಯಾಡ್ರಪ್ಪ.”

ಲಿಗಮೆಂಟ್ ಹರಿದಿತ್ತು. ಅವನದು ಗುತ್ತಿಗೆ ಕೆಲಸ. ಎರಡೂವರೆ ತಿಂಗಳು ಮನೆಯಲ್ಲಿ ಕುಳಿತ, ಸಂಬಳ ಇಲ್ಲ. ತಪ್ಪು ಅವನೊಬ್ಬನದಲ್ಲ, ಐದೂ ಜನರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮಂತೆ ಸಪಾಟು ನೆಲದಿಂದ ಮೊದಲ ಸಲ ಹಿಮಕ್ಕೆ ಹೋಗುವವರು ಇಳಿಜಾರು ಆರಿಸುವುದು ಹೇಗೆ ಅಂತ.

ಕೆಳಗಿನಿಂದ ನೋಡಿ

ನಾವು ಇಳಿಜಾರನ್ನು ಮೇಲೆ ನಿಂತು ನೋಡಿದೆವು. ನೋಡಬೇಕಾದದ್ದು ಕೆಳಗಿನಿಂದ. ಅದು ಎಲ್ಲಿ ಮುಗಿಯುತ್ತದೆ? ಕೊನೆಯಲ್ಲಿ ಅಗಲವಾದ ಸಪಾಟು ಜಾಗ ಇದ್ದರೆ, ಇಲ್ಲವೇ ನೆಲ ಸ್ವಲ್ಪ ಮೇಲಕ್ಕೆ ಏರಿದ್ದರೆ, ನಿಮಗೆ ನಿಲ್ಲಲು ಬರದಿದ್ದರೂ ಸ್ಕೀ ತಾನೇ ನಿಲ್ಲುತ್ತದೆ. ಕೊನೆಯಲ್ಲಿ ರಸ್ತೆ, ನಿಂತ ಗಾಡಿಗಳು, ಮರ, ತಂತಿಬೇಲಿ ಅಥವಾ ಹಳ್ಳ ಇದ್ದರೆ ಆ ಇಳಿಜಾರು ಎಷ್ಟೇ ಸಣ್ಣದಿದ್ದರೂ ಬೇಡ.

ಎರಡನೆಯದು ಅಗಲ. ನಮ್ಮ ಕಡೆ ತೊಗರಿ ಹೊಲದಲ್ಲಿ ಒಡ್ಡು ಹಾಕುವುದು ಇಳುಕಲಿಗೆ ಅಡ್ಡಲಾಗಿ ಅಲ್ಲವೇ? ನೀರು ನೇರ ಓಡಿದರೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಸ್ಕೀಯಲ್ಲೂ ಅದೇ ಲೆಕ್ಕ. ನೀರು ಹರಿಯುವ ದಿಕ್ಕಿಗೆ ನೇರ ಇಳಿದರೆ ವೇಗ ಏರುತ್ತದೆ, ಅಡ್ಡಡ್ಡ ಹೋದರೆ ಹಿಡಿತಕ್ಕೆ ಬರುತ್ತದೆ. ಹಾಗೆ ಅಡ್ಡ ಹೋಗಲು ಜಾಗ ಬೇಕು. ಇಕ್ಕಟ್ಟಾದ ದಾರಿಯಲ್ಲಿ ಆ ಅವಕಾಶವೇ ಇರುವುದಿಲ್ಲ. ನಿಲ್ಲುವಾಗ, ಬಿದ್ದು ಏಳುವಾಗಲೂ ಎರಡೂ ಸ್ಕೀ ಒಡ್ಡಿನಂತೆ ಇಳಿಜಾರಿಗೆ ಅಡ್ಡ ಇರಲಿ.

ಎಷ್ಟು ಡಿಗ್ರಿ?

ಕೈಯಲ್ಲಿ ಫೋನ್ ಇದೆಯಲ್ಲ, ಬಳಸಿ. ಸ್ಕೀ ಕೋಲನ್ನು ಇಳಿಜಾರಿನ ದಿಕ್ಕಿಗೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು ಲೆವೆಲ್ ಆ್ಯಪ್ ತೆರೆಯಿರಿ. ಕಣ್ಣಳತೆ ಹಿಮದಲ್ಲಿ ಮೋಸ ಮಾಡುತ್ತದೆ, ಎಲ್ಲಾ ಬಿಳಿ ಇರೋದರಿಂದ ಏರು ತಗ್ಗು ಗೊತ್ತಾಗುವುದಿಲ್ಲ.

ಆಸ್ಪತ್ರೆಯಲ್ಲಿ ವ್ಹೀಲ್‌ಚೇರ್ ತಳ್ಳುವ ರ‍್ಯಾಂಪ್ ಸಾಮಾನ್ಯವಾಗಿ 12ಕ್ಕೆ 1, ಅಂದರೆ 5 ಡಿಗ್ರಿಗೂ ಸ್ವಲ್ಪ ಕಡಿಮೆ. ಮೊದಲ ದಿನಕ್ಕೆ ಅಷ್ಟು ಸಾಕು. ಎರಡು, ಮೂರನೇ ದಿನ 8–10 ಡಿಗ್ರಿ. ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವ ಜಾಗ ಸುಮಾರು 14 ಡಿಗ್ರಿ. ತಿರುಗಲು, ನಿಲ್ಲಲು ಎರಡೂ ಚೆನ್ನಾಗಿ ಬರುವತನಕ ಅದಕ್ಕಿಂತ ಕಡಿದಾದ ಕಡೆ ಹೋಗಬೇಡಿ.

ಹೊರದೇಶದಲ್ಲಿ ಕೆಲಸ ಮಾಡುತ್ತಾ ವಾರಾಂತ್ಯಕ್ಕೆ ಹೋಗುವವರಿಗೆ ಬಣ್ಣದ ಗುರುತು ಸಿಗುತ್ತದೆ. ಅಮೆರಿಕ, ಕೆನಡಾದಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಯುರೋಪಿನ ಬಹಳ ಕಡೆ ನೀಲಿಯೇ ಸುಲಭ, ಆಮೇಲೆ ಕೆಂಪು, ಕಪ್ಪು. ಅಮೆರಿಕದಲ್ಲಿ ನೀಲಿ ನೋಡಿ ಯುರೋಪಿನ ನೀಲಿ ಅಂದುಕೊಂಡರೆ ಕೆಟ್ಟಿರಿ. ಅಲ್ಲದೆ ಅಮೆರಿಕದಲ್ಲಿ ಬಣ್ಣ ಕೊಡುವುದು ಆ ರೆಸಾರ್ಟಿನ ಉಳಿದ ಇಳಿಜಾರುಗಳಿಗೆ ಹೋಲಿಸಿ. ಒಂದು ಊರಿನ ಹಸಿರು ಇನ್ನೊಂದು ಊರಿನ ಹಸಿರಿಗಿಂತ ಕಡಿದಾಗಿರಬಹುದು.

ಹೊತ್ತು, ಹಿಮ, ಜನ

ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗ್ಗೆ ನಮ್ಮ ಫರಸಿ ಕಲ್ಲಿನಷ್ಟು ಗಟ್ಟಿ, ಅದಕ್ಕಿಂತ ನುಣುಪು. ಬಿಸಿಲು ಬಿದ್ದ ಮೇಲೆ ಸ್ವಲ್ಪ ಮೆತ್ತಗಾಗುತ್ತದೆ, ಕಲಿಯುವವರಿಗೆ ಅದೇ ಒಳ್ಳೆಯ ಹೊತ್ತು. ಮಾರ್ಚ್ ಬಂತೆಂದರೆ ಮಧ್ಯಾಹ್ನದ ಹಿಮ ಕೆಸರಿನಂತಾಗಿ ಸ್ಕೀ ಸಿಕ್ಕಿಕೊಳ್ಳುತ್ತದೆ, ದಣಿದ ಕಾಲಿಗೆ ಅದು ಅಪಾಯ. “ಇನ್ನೊಂದೇ ರೌಂಡ್” ಅನ್ನುವ ಆಸೆ ಬಂದಾಗಲೇ ನಿಲ್ಲಿಸಿ. ಸ್ಲೆಡ್ಜ್ ಎಳೆಯುವವರು, ಫೋಟೊ ತೆಗೆಯುವವರು ತುಂಬಿದ ಜಾಗ ಬಿಟ್ಟು ನೂರು ಹೆಜ್ಜೆ ಆಚೆ ಹೋಗಿ.

ಎಲ್ಲಿಗೆ ಹೋಗಬಹುದು?

ಗುಲ್ಮಾರ್ಗ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ಕಲಬುರಗಿ 450ರ ಆಸುಪಾಸು. ಹೋದ ದಿನವೇ ಆಟಕ್ಕೆ ಇಳಿಯದೆ ಒಂದು ದಿನ ಉಸಿರಿಗೆ ಬಿಡುವು ಕೊಡಿ. ಊರಿನ ಬಯಲಲ್ಲೇ ಹೊಸಬರ ಇಳಿಜಾರುಗಳಿವೆ. ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟಕ್ಕೆ, 3,900 ಮೀಟರ್ ದಾಟಿ ಹೋಗುತ್ತದೆ. ಅದು ಪಳಗಿದವರಿಗೆ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗದ ಮೇಲಿನ ಇಳಿಜಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು.

ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ ಹೊಸಬರಿಗೆ 7 ದಿನದ ಕೋರ್ಸ್ ನಡೆಸುತ್ತದೆ. ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದರು, ಹಾಗಾಗಿ ರಸ್ತೆ ಪ್ರಯಾಣವನ್ನೇ ಲೆಕ್ಕಕ್ಕಿಟ್ಟುಕೊಳ್ಳಿ. ಮನಾಲಿ ಬಳಿಯ ಸೋಲಂಗ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ ಕೋರ್ಸ್‌ಗಳಿವೆ. ಕಾಲ ಮೂರೂ ಕಡೆ ಹೆಚ್ಚುಕಡಿಮೆ ಜನವರಿಯಿಂದ ಮಾರ್ಚ್. ಎರಡು ದಿನದ ಪ್ಯಾಕೇಜಿಗಿಂತ ವಾರದ ಕೋರ್ಸ್ ಮೇಲು, ಯಾಕೆಂದರೆ ಯಾವ ದಿನ ಯಾವ ಇಳಿಜಾರು ಅನ್ನೋದನ್ನು ಅಲ್ಲಿ ಗುರುಗಳು ನಿರ್ಧರಿಸುತ್ತಾರೆ, ನಿಮ್ಮ ಗೆಳೆಯನಲ್ಲ.

ಬೆಟ್ಟ ಇಳಿಯುವ ಭಯವೇ ಹೆಚ್ಚಿದ್ದರೆ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಇದೆ. ಅದು ಏರು, ತಗ್ಗು, ಸಪಾಟು ಎಲ್ಲ ದಾರಿಯಲ್ಲೂ ನಡೆಯುವ ಆಟ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದರಲ್ಲೇ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಹಿಮ ಬೀಳದ ನಾಡಿನವರಿಗೆ ಇದೆಲ್ಲ ಆಗದ ಮಾತು ಅನ್ನುವವರಿಗೆ ಅವರ ಹೆಸರು ಹೇಳಿ.

ಅಂಗಡಿಯಲ್ಲಿ ಸುಳ್ಳು ಹೇಳಬೇಡಿ

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್, ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳಬೇಕು. ಎಷ್ಟು ಬಲಕ್ಕೆ ಬಿಚ್ಚಬೇಕು ಅನ್ನೋದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಆಟದ ಮಟ್ಟ ನೋಡಿ ಹೊಂದಿಸುತ್ತಾರೆ. ಬಾಡಿಗೆ ಅಂಗಡಿಯವರು “ಮೊದಲು ಆಡಿದ್ದೀರಾ?” ಅಂದಾಗ ನಮ್ಮ ಚಿತ್ತಾಪುರದವನು “ಬರ್ತದ” ಅಂದಿದ್ದ. ಪಳಗಿದವನ ಲೆಕ್ಕಕ್ಕೆ ಬಿಗಿ ಮಾಡಿದರೆ ಹೊಸಬನ ಕಾಲಿಗೆ ಅದು ಬಿಚ್ಚುವುದಿಲ್ಲ. ಹಾಗೇ ಪ್ರವಾಸ ವಿಮೆ ಮಾಡಿಸುವಾಗ ಸಾಹಸ ಕ್ರೀಡೆಗೆ ಅನ್ವಯಿಸುತ್ತದೋ ಇಲ್ಲವೋ ಓದಿ ನೋಡಿ. ನಮ್ಮದು ಅನ್ವಯಿಸಲಿಲ್ಲ.

ತಯಾರಿ ಊರಲ್ಲೇ

ಹೋಗುವ ಎರಡು ತಿಂಗಳ ಮೊದಲೇ ತೊಡೆಗೆ ಕೆಲಸ ಕೊಡಿ. ಬಸ್ಕಿ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು, ಮೆಟ್ಟಿಲು ಇಳಿಯುವುದು. ನಮಗೆ ಇದಕ್ಕೆ ಚಿಂಚೋಳಿಯ ಗುಡ್ಡಗಳೇ ಸಾಕಾದವು. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕಾಡುದಾರಿಯಲ್ಲಿ ಭಾನುವಾರ ಭಾನುವಾರ ಏರಿ ಇಳಿದೆವು. ಅದು ವನ್ಯಜೀವಿ ಧಾಮ, ಬಿಡುವ ದಾರಿಯಲ್ಲೇ ನಡೆಯಬೇಕು. ಏರುವುದಕ್ಕಿಂತ ನಿಧಾನ ಇಳಿಯುವುದೇ ಮೊಣಕಾಲಿಗೆ ಪಾಠ.

ಹೋದ ಫೆಬ್ರವರಿಯಲ್ಲಿ ಐವರೂ ಮತ್ತೆ ಹೋಗಿದ್ದೆವು. ಹೌದು, ಚಿತ್ತಾಪುರದವನೂ ಬಂದಿದ್ದ. ಡಾಕ್ಟರು ಸರಿ ಅಂದ ಮೇಲೆ, ಅವ್ವನಿಗೆ ಹೇಳಿಯೇ ಬಂದ. ಆರು ದಿನ ಬೇಬಿ ಸ್ಲೋಪ್ ಬಿಟ್ಟು ಕದಲಲಿಲ್ಲ. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟು, ಪಿಜ್ಜಾ ತುಂಡಿನ ಆಕಾರದಲ್ಲಿ ನಿಧಾನ ಇಳಿಯುವುದು, ತನಗೆ ಬೇಕಾದ ಕಡೆ ನಿಲ್ಲುವುದು, ಮತ್ತೆ ಹತ್ತುವುದು. ಕೊನೆಯ ದಿನ ಅವ್ವನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದ. ಆಕೆ ಸ್ವಲ್ಪ ಹೊತ್ತು ನೋಡಿ, “ಇಷ್ಟೇ ಏನೋ? ಹಿಂಗಿದ್ರ ನಾನೂ ಬರ್ತಿದ್ನಲ್ಲೋ” ಅಂದರು.

ಮುಂದಿನ ವರ್ಷ ಕರೆದುಕೊಂಡು ಹೋಗುವ ಮಾತು ನಡೆದಿದೆ.