ಕ್ವಾರಂಟೈನ್ ಕೋಣೆಯ ಬಾಡಿಗೆ ಯಾರದು?

1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಒಂದೆರಡು ಹಾಳೆಯಲ್ಲಿ ಮುಗಿದುಹೋಗುವಷ್ಟು ಚಿಕ್ಕದು. ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡ ನಾಲ್ಕೈದು ತಿಂಗಳಲ್ಲೇ, ಅವಸರದಲ್ಲಿ ಬರೆದದ್ದು. ರೈಲಿನಲ್ಲೋ ಬೇರೆ ದಾರಿಯಲ್ಲೋ ಬರುವವರನ್ನು ತಪಾಸಣೆ ಮಾಡಬಹುದು, ಸೋಂಕಿನ ಗುಮಾನಿ ಇದ್ದವರನ್ನು ಆಸ್ಪತ್ರೆಯಲ್ಲೋ ತಾತ್ಕಾಲಿಕ ವಸತಿಯಲ್ಲೋ ಬೇರೆ ಇಡಬಹುದು ಎಂದು ಅದರ ಎರಡನೇ ಕಲಂ ಹೇಳುತ್ತದೆ. ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂದು ಕೊನೆಯ ಕಲಂ ಹೇಳುತ್ತದೆ. ಇವೆರಡೂ ಬಹಳ ಚರ್ಚೆಯಾದ ಮಾತುಗಳು. ಚರ್ಚೆಗೆ ಬಾರದ ಇನ್ನೊಂದು ಸಾಲು ಎರಡನೇ ಕಲಮಿನಲ್ಲೇ ಇದೆ. ಈ ಕೆಲಸಕ್ಕೆ ತಗಲುವ ಖರ್ಚನ್ನು, ಪರಿಹಾರವೇನಾದರೂ ಕೊಡುವುದಿದ್ದರೆ ಅದನ್ನೂ ಸೇರಿಸಿ, ಯಾರು ಹೇಗೆ ಹೊರಬೇಕು ಎಂಬುದನ್ನು ಸರಕಾರವೇ ಗೊತ್ತುಮಾಡಬಹುದು ಎಂಬುದು ಅದರ ಸಾರ. ಹಣ ಯಾರದು ಎಂಬ ಪ್ರಶ್ನೆಯನ್ನು ಕಾಯಿದೆ ತಾನೇ ಬಗೆಹರಿಸದೆ ಆಳುವವರ ಇಷ್ಟಕ್ಕೆ ಬಿಟ್ಟಿತು. 2020ರ ಕೋವಿಡ್ ಕಾಲದಲ್ಲಿ ವಿದೇಶದಿಂದ ಬಂದವರನ್ನು ಹೋಟೆಲ್ ಕೋಣೆಯಲ್ಲಿ ಕೂರಿಸಿ, ಬಾಡಿಗೆಯನ್ನೂ ಅವರಿಂದಲೇ ಕಟ್ಟಿಸಿಕೊಂಡ ಪದ್ಧತಿಯ ಬೇರು ಹುಡುಕುತ್ತ ಹೋದರೆ ಈ ಸಾಲಿನ ಹತ್ತಿರವೇ ಬಂದು ನಿಲ್ಲಬೇಕಾಗುತ್ತದೆ. ಊರಿಗೆಲ್ಲ ಒಳಿತಾಗಲೆಂದು ಒಬ್ಬರನ್ನು ಕೂಡಿಹಾಕಿದರೆ ಅದರ ಖರ್ಚು ಊರಿನದೇ ಆಗಬೇಕು ಎಂಬುದು ನನ್ನ ವಾದ. ಇದು ಏಕೆ ಮುಖ್ಯ ಎಂದು ತಿಳಿಯಬೇಕಾದರೆ ವಿಮಾನ ನಿಲ್ದಾಣಕ್ಕಿಂತ ಮೊದಲು ಒಂದು ಗಡಿಯೂರನ್ನು ನೋಡಬೇಕು.

ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ ಕಾಡಿನ ಮಗ್ಗುಲಲ್ಲಿದೆ ಜೀರಹಳ್ಳಿ. ಸತ್ಯಮಂಗಲ ಹುಲಿ ಮೀಸಲು ಪ್ರದೇಶದ ಒಂದು ಅರಣ್ಯ ವಲಯಕ್ಕೆ ಈ ಊರಿನದೇ ಹೆಸರು. ಈ ಸೀಮೆಯ ಮನೆಮಾತು ಕನ್ನಡ. ತಮ್ಮ ಜಿಲ್ಲಾ ಕೇಂದ್ರ ತಲುಪಬೇಕಾದರೆ ಇಲ್ಲಿನವರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹತ್ತಿರವಾದದ್ದು ಚಾಮರಾಜನಗರ. ನಡುವಿನ ಗೆರೆ ಹಳೆಯದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ಪಾಲಾಯಿತು, ಮೈಸೂರು ಒಡೆಯರಿಗೆ ಉಳಿಯಿತು. ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ಕೊಳ್ಳೇಗಾಲ 1956ರಲ್ಲಿ ಮೈಸೂರಿಗೆ ಬಂತು, ತಾಳವಾಡಿ ಬರಲಿಲ್ಲ. ಅಂದರೆ ಪ್ಲೇಗಿನ ಕಾಲದಲ್ಲಿ ಈ ಕಡೆಯವರು ಮದರಾಸು ಪ್ರೆಸಿಡೆನ್ಸಿಯ ಪ್ರಜೆಗಳು, ಆ ಕಡೆಯ ನೆಂಟರು ಮಹಾರಾಜರ ಪ್ರಜೆಗಳು. ಹಬ್ಬಕ್ಕೆ ಹೋಗಿ ಬರುವುದೂ ಲೆಕ್ಕಕ್ಕೆ ಪರರಾಜ್ಯದ ಪ್ರಯಾಣವೇ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದಕ್ಕೂ ಈ ಪಿಡುಗಿಗೂ ಇರುವ ನಂಟನ್ನು ಬೆಂಗಳೂರಿನವರು ಈಗಲೂ ನೆನೆಯುತ್ತಾರೆ. ನೆನಪಿನಿಂದ ಜಾರಿಹೋದದ್ದು ಪ್ಲೇಗ್ ರಹದಾರಿ. ಅದೇ ಹೊತ್ತಿಗೆ ದೇಶದ ಹಲವೆಡೆ ರೈಲು ನಿಲ್ಲಿಸಿ ತಪಾಸಣೆ ನಡೆಯುತ್ತಿತ್ತು. ಮೊದಲ ಮತ್ತು ಎರಡನೇ ದರ್ಜೆಯವರನ್ನು ಬೋಗಿಯಲ್ಲೇ ನೋಡಿ ಬಿಡುತ್ತಿದ್ದರು. ಮೂರನೇ ದರ್ಜೆಯವರನ್ನು ಇಳಿಸಿ, ಸಾಲು ನಿಲ್ಲಿಸಿ, ಕಂಕುಳು ಮುಟ್ಟಿ ಗೆಡ್ಡೆ ಹುಡುಕುತ್ತಿದ್ದರು, ಗುಮಾನಿ ಬಂದರೆ ಶಿಬಿರಕ್ಕೆ ಸಾಗಿಸುತ್ತಿದ್ದರು. ರೋಗಕ್ಕೆ ಟಿಕೆಟ್ಟಿನ ದರ್ಜೆ ಗೊತ್ತಿರಲಿಲ್ಲ, ಸರಕಾರಕ್ಕೆ ಗೊತ್ತಿತ್ತು. ಮದರಾಸು ಪ್ರೆಸಿಡೆನ್ಸಿ ಬೇರೊಂದು ದಾರಿ ಹಿಡಿಯಿತು. ಸೋಂಕಿನ ಊರಿನಿಂದ ಬಂದವನಿಗೆ ಲಕ್ಷಣವಿಲ್ಲದಿದ್ದರೆ ಒಂದು ಚೀಟಿ, ಅಂದರೆ ರಹದಾರಿ, ಬರೆದುಕೊಡುವುದು. ಎಲ್ಲಿಂದ ಬಂದ, ಎಲ್ಲಿಗೆ ಹೊರಟ ಎಂಬುದು ಅದರಲ್ಲಿರುತ್ತಿತ್ತು. ತಲುಪಿದ ಊರಿನಲ್ಲಿ ಅವನು ಹತ್ತು ದಿನ ಗೊತ್ತಾದ ಅಧಿಕಾರಿಯ ಮುಂದೆ ಹಾಜರಾಗಿ ತನ್ನನ್ನು ತೋರಿಸಿಕೊಳ್ಳಬೇಕು, ತಪ್ಪಿದರೆ ಶಿಕ್ಷೆ. ಆ ಹತ್ತು ದಿನವೂ ಅವನು ತನ್ನ ಮನೆಯಲ್ಲೇ ಮಲಗುತ್ತಿದ್ದ, ತನ್ನ ಒಲೆಯ ಅನ್ನವನ್ನೇ ಉಣ್ಣುತ್ತಿದ್ದ. ಹೋಂ ಕ್ವಾರಂಟೈನ್ ಎಂದು ನಾವು ಈಚೆಗೆ ಕಲಿತದ್ದಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜ ಇನ್ನೊಂದಿಲ್ಲ.

ರಹದಾರಿಯನ್ನು ಹೊಗಳುವಾಗ ಅದರ ಕಿರುಕುಳವನ್ನು ಮರೆಯಬಾರದು. ಕೂಲಿಯವನಿಗೆ ದಿನವೂ ಹಾಜರಿ ಹಾಕುವುದೆಂದರೆ ಆ ದಿನದ ಕೂಲಿಗೆ ಕಲ್ಲು. ಚೀಟಿ ಕೇಳುವ ಕೆಳಗಿನ ನೌಕರ ಕೈಯೊಡ್ಡುವುದಕ್ಕೂ ಅದೊಂದು ಅವಕಾಶ. ಆದರೂ ಕೂಡಿಹಾಕುವುದಕ್ಕಿಂತ ಅದು ಮೇಲು, ಏಕೆಂದರೆ ಜನ ತಾವಾಗಿಯೇ ಮಾಡುತ್ತಿದ್ದುದಕ್ಕೆ ಅದು ಹತ್ತಿರವಾಗಿತ್ತು. ಇಲಿ ಬಿದ್ದರೆ ಊರು ಬಿಡುವುದು ಹಳೆ ಮೈಸೂರಿನ ಹಳ್ಳಿಗಳ ರೂಢಿ. ಹೊಲದಲ್ಲಿ ಗುಡಿಸಲು ಹಾಕಿ, ರೋಗ ಇಳಿಯುವವರೆಗೆ ಅಲ್ಲೇ ಇರುವುದು. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ಗುಡಿಸಲುಗಳು ಗೊತ್ತು. ಊರು ಬಿಟ್ಟರೂ ಆ ಕಾದಂಬರಿಯ ನಂಜಮ್ಮನ ಮನೆ ಉಳಿಯಲಿಲ್ಲ ಎಂಬುದೂ ಗೊತ್ತು. ಆ ರೂಢಿ ಪವಾಡ ಮಾಡಿತೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಬೇರೆ ಇರುವುದರ ಭಾರವನ್ನು ಊರು ಒಟ್ಟಾಗಿ ಹೊರುತ್ತಿತ್ತು. ಬಲವಂತ ಎಲ್ಲಿ ಬಂತೋ ಅಲ್ಲಿ ಜನ ರೋಗಿಯನ್ನೇ ಬಚ್ಚಿಟ್ಟರು. 1897ರ ಜೂನ್ 22ರಂದು ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿದ್ದಕ್ಕೆ, ಮುಂದಿನ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆ ಎದ್ದದ್ದಕ್ಕೆ ಹಿನ್ನೆಲೆ ಈ ಬಲವಂತವೇ.

ಮಧ್ಯದ ದಶಕಗಳನ್ನು ಹಾರಿ 2020ಕ್ಕೆ ಬರೋಣ. ಮಾರ್ಚ್ ತಿಂಗಳಲ್ಲಿ ಕರ್ನಾಟಕ ಮೊದಲು ಹಿಡಿದದ್ದು ರಹದಾರಿಯ ದಾರಿಯನ್ನೇ. ವಿದೇಶದಿಂದ ಬಂದವರ ಕೈಮೇಲೆ ಅಳಿಸದ ಶಾಯಿಯ ಮುದ್ರೆ ಒತ್ತಿ ಮನೆಗೆ ಕಳಿಸಿತು, ತಿಂಗಳ ಕೊನೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಮೊಬೈಲ್ ಆ್ಯಪ್ ತಂದಿತು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಶುರುವಾದವು. ಮೇ 11ರಂದು ಲಂಡನ್ನಿನಿಂದ ಬೆಂಗಳೂರಿಗೆ, ಮರುದಿನ ದುಬೈನಿಂದ ಮಂಗಳೂರಿಗೆ ವಿಮಾನ ಬಂತು. ಆ ಹೊತ್ತಿಗೆ ನಂಬಿಕೆ ಕರಗಿತ್ತು, ಸಾಂಸ್ಥಿಕ ಕ್ವಾರಂಟೈನ್ ಕಡ್ಡಾಯವಾಗಿತ್ತು. ಮೊದಲು 14 ದಿನ, ಮೇ 24ರ ಕೇಂದ್ರದ ಮಾರ್ಗಸೂಚಿಯ ನಂತರ 7 ದಿನ ಸ್ವಂತ ಖರ್ಚಿನಲ್ಲಿ ಹೊರಗೆ, 7 ದಿನ ಮನೆಯಲ್ಲಿ. ಬೆಂಗಳೂರಿನಲ್ಲಿ ಐದು ನಕ್ಷತ್ರ, ಮೂರು ನಕ್ಷತ್ರ, ಬಜೆಟ್ ಹೋಟೆಲ್ ಎಂದು ವಿಂಗಡಿಸಿ ಆರಿಸಿಕೊಳ್ಳಲು ಬಿಟ್ಟರು. ಹಣವಿಲ್ಲದವರಿಗೆ ಹಾಸ್ಟೆಲ್ಲು, ವಸತಿ ಶಾಲೆ. ರೈಲಿನ ದರ್ಜೆಗಳು ನೂರಿಪ್ಪತ್ತು ವರ್ಷದ ಮೇಲೆ ಹೋಟೆಲ್ ದರ್ಜೆಗಳಾಗಿ ಮರಳಿದವು. ಕೊಲ್ಲಿಯಲ್ಲಿ ಕೆಲಸ ಕಳೆದುಕೊಂಡು, ಸಾಲದಲ್ಲಿ ಟಿಕೆಟ್ ಕೊಂಡು ಬಂದವನಿಗೂ ಬಾಡಿಗೆ ಕಟ್ಟಬಲ್ಲೆಯಾ ಎಂಬ ಪ್ರಶ್ನೆ ಎದುರಾಯಿತು.

ಹೊರದೇಶಗಳ ಕಥೆಯೂ ಇದೇ ಹಾದಿಯದು. ಆಸ್ಟ್ರೇಲಿಯ 2020ರ ಮಾರ್ಚ್ 28ರ ನಡುರಾತ್ರಿಯಿಂದ ಬಂದವರನ್ನೆಲ್ಲ 14 ದಿನ ಹೋಟೆಲಿನಲ್ಲಿಟ್ಟಿತು. ಮೊದಲಿಗೆ ಖರ್ಚು ಸರಕಾರದ್ದು. ಜುಲೈನಲ್ಲಿ ನ್ಯೂ ಸೌತ್ ವೇಲ್ಸ್ ಒಬ್ಬ ವಯಸ್ಕರಿಗೆ 3,000 ಡಾಲರ್ ವಿಧಿಸಿತು. ಬರುವವರ ಸಂಖ್ಯೆಗೂ ಮಿತಿ ಹಾಕಿದ್ದರಿಂದ ಸಾವಿರಾರು ಮಂದಿ ಹೊರಗೇ ಉಳಿದರು. 2021ರ ಮೇ ಮೊದಲ ಎರಡು ವಾರ ಭಾರತದಲ್ಲಿದ್ದ ತನ್ನದೇ ನಾಗರಿಕರು ಮರಳಿದರೆ ಐದು ವರ್ಷದವರೆಗೆ ಜೈಲು ಎಂದು ಆ ದೇಶ ಬೆದರಿಸಿತು. ಬ್ರಿಟನ್ ಅದೇ ವರ್ಷ ಏಪ್ರಿಲ್ 23ರಂದು ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು, ಆಗಸ್ಟ್ 8ರವರೆಗೆ ತೆಗೆಯಲಿಲ್ಲ. ಭಾರತದಿಂದ ಮರಳುವ ಹಕ್ಕಿದ್ದವರು ಹತ್ತು ದಿನದ ಹೋಟೆಲ್ ವಾಸಕ್ಕೆ 1,750 ಪೌಂಡ್ ಕಟ್ಟಬೇಕಿತ್ತು. ಓದಲು ಹೋದ ಮಗ ಅಥವಾ ಮಗಳು ರಜೆಗೆ ಬಂದು ಸಿಕ್ಕಿಕೊಂಡಿದ್ದರೆ, ಇಲ್ಲಿನ ಮಧ್ಯಮ ವರ್ಗದ ಮನೆಯೊಂದಕ್ಕೆ ಆ ಮೊತ್ತ ಎಂಥದ್ದು ಎಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಬರುವ ಬಲವಾದ ಆಕ್ಷೇಪವೆಂದರೆ, ವಿಮಾನ ಹತ್ತುವುದು ಅವರವರ ಆಯ್ಕೆ, ಹೊಲದಲ್ಲಿ ದುಡಿಯುವವನ ತೆರಿಗೆಯಿಂದ ಅವರ ಕೋಣೆಯ ಬಾಡಿಗೆ ಏಕೆ ಕಟ್ಟಬೇಕು ಎಂಬುದು. ನ್ಯಾಯವಾದ ಪ್ರಶ್ನೆ. ಆದರೆ ಆ ಕೋಣೆ ಒಳಗಿರುವವನಿಗಾಗಿ ಇದ್ದದ್ದಲ್ಲ. ಹೊರಗಿನ ನಮಗಾಗಿ ಇದ್ದದ್ದು. ಬಾಗಿಲು ಹಾಕಿಸಿದವರು ನಾವು, ಅದರ ಫಲ ಉಂಡವರೂ ನಾವು. ನ್ಯೂಜಿಲೆಂಡ್ ಈ ವ್ಯತ್ಯಾಸವನ್ನು ಒಂದಿಷ್ಟಾದರೂ ಕಂಡಿತ್ತು. 2020ರ ಆಗಸ್ಟಿನಿಂದ ಶುಲ್ಕ ವಿಧಿಸಿದಾಗ, ಮರಳಿ ಬಂದು 90 ದಿನಕ್ಕಿಂತ ಹೆಚ್ಚು ನೆಲೆಸುವ ನಾಗರಿಕರಿಗೆ ವಿನಾಯಿತಿ ಕೊಟ್ಟಿತು. ಅದರಿಂದ ಅಲ್ಲಿನ ಕಾವಲು ಸಡಿಲವಾಗಲಿಲ್ಲ. ಆ ದೇಶ ಎಡವಿದ್ದು ಕೋಣೆಗಳನ್ನು ಲಾಟರಿಯಂತೆ ಹಂಚಿದ್ದರಲ್ಲಿ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟ್, ಆ ಹಂಚಿಕೆ ಕೆಲವು ಅವಧಿಯಲ್ಲಿ ನಾಗರಿಕರ ಮರಳುವ ಹಕ್ಕಿಗೆ ಧಕ್ಕೆ ತಂದಿತು ಎಂದು ತೀರ್ಪು ಕೊಟ್ಟಿತು. ಮನೆಗೆ ಕಳಿಸಿದರೆ ಜನ ಸುಮ್ಮನಿರುವುದಿಲ್ಲ, ಕೂಡಿಹಾಕಲೇಬೇಕು ಎಂಬುದು ಇನ್ನೊಂದು ಆಕ್ಷೇಪ. ಆದರೆ ಮೆಲ್ಬರ್ನಿನಲ್ಲಿ 2020ರ ಎರಡನೇ ಅಲೆ ಹಬ್ಬಿದ್ದು ಕಾವಲಿದ್ದ ಹೋಟೆಲುಗಳಿಂದಲೇ ಎಂದು ವಿಚಾರಣೆಯಲ್ಲಿ ಹೊರಬಂತು. ಗೋಡೆಯೊಂದೇ ರೋಗ ತಡೆಯುವುದಿಲ್ಲ.

ಈಗ ಜೀರಹಳ್ಳಿ ಸೀಮೆಗೆ ಬರಬೇಕು, ಏಕೆಂದರೆ ಹೋಟೆಲ್ ಕ್ವಾರಂಟೈನಿನ ಹಿಂದಿದ್ದ ತರ್ಕ ಇಲ್ಲಿ ಪೂರ್ತಿ ಕುಸಿಯುತ್ತದೆ. 2020ರ ಮೇ 18ರಂದು ಕರ್ನಾಟಕ ಮಹಾರಾಷ್ಟ್ರ, ಗುಜರಾತ್, ಕೇರಳಗಳ ಜತೆಗೆ ತಮಿಳುನಾಡಿನಿಂದ ಬರುವವರಿಗೂ ತಿಂಗಳ ಕೊನೆಯವರೆಗೆ ಪ್ರವೇಶ ನಿರಾಕರಿಸಿತು. ನಿಯಮ ಬರೆದವರ ಕಣ್ಣಲ್ಲಿದ್ದದ್ದು ಚೆನ್ನೈ. ಆದರೆ ಕಾಗದದ ಮೇಲೆ ತಾಳವಾಡಿಯೂ ಚೆನ್ನೈಯೂ ಒಂದೇ ತಮಿಳುನಾಡು. ನೂರಾರು ಮೈಲಿ ದೂರದ ಸೋಂಕಿನ ಲೆಕ್ಕ ಪಕ್ಕದ ಸಂತೆಗೆ ತರಕಾರಿ ಒಯ್ಯುವವನ ತಲೆಗೆ ಬಂತು. ಚಾಮರಾಜನಗರ ಜಿಲ್ಲೆಯಲ್ಲಿ ಜೂನ್ ಎರಡನೇ ವಾರದವರೆಗೂ ಒಂದು ಪ್ರಕರಣವೂ ಇರಲಿಲ್ಲ, ಗಡಿ ಮುಚ್ಚಿದ್ದರಿಂದಲೇ ಅಲ್ಲವೇ ಎಂದು ಕೇಳಬಹುದು. ಮುಚ್ಚಿದ್ದು ನೆರವಾಗಿರಬಹುದು. ಆದರೂ ಕೊನೆಗೆ ಸೋಂಕು ಬಂದದ್ದು ಮುಂಬಯಿಯಿಂದ ಬಂದವರೊಬ್ಬರ ಮೂಲಕ, ತಾಳವಾಡಿಯಿಂದಲ್ಲ. ಕೇರಳದ ಗಡಿಯ ತಲಪಾಡಿಯಲ್ಲಿ ಇದಕ್ಕಿಂತ ಘೋರವಾದದ್ದು ನಡೆಯಿತು. ಕರ್ನಾಟಕ ರಸ್ತೆಗೆ ಮಣ್ಣು ಸುರಿದದ್ದರಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಿಲ್ಲದೆ ಸತ್ತರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆ ತಡೆ ತೆಗೆಸಬೇಕೆಂದು ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಸಾವುಗಳು ನೆನೆದಷ್ಟೂ ನೋಯಿಸುತ್ತವೆ.

ವಾರಕ್ಕೆರಡು ಸಲ ಗೆರೆ ದಾಟಿ ಬದುಕುವವರಿಗೆ ಏಳು ದಿನದ ಕೋಣೆ, ಅದು ಪುಕ್ಕಟೆಯಾದರೂ ಅರ್ಥವಿಲ್ಲ. ಅವರಿಗೆ ಬೇಕಾದದ್ದು ಮದರಾಸಿನ ಆ ಹಳೆಯ ಚೀಟಿಯ ಬಗೆಯದು. ಗುರುತಿನ ಒಂದು ಪಾಸು, ಊರಿನ ಆರೋಗ್ಯ ಕಾರ್ಯಕರ್ತೆಯ ಕಣ್ಣು, ಜ್ವರ ಬಂದರೆ ಕೂಲಿ ತಪ್ಪಿದ್ದಕ್ಕೆ ಪರಿಹಾರ. 1897ರ ಕಾಯಿದೆಯ ಆ ಸಾಲಿನಲ್ಲಿ ಪರಿಹಾರ ಎಂಬ ಮಾತೂ ಇತ್ತು. ವಸೂಲಿಯನ್ನು ಸರಕಾರಗಳು ತಡಮಾಡದೆ ನೆನಪಿಸಿಕೊಂಡವು, ಪರಿಹಾರವನ್ನು ನೆನಪಿಸಿಕೊಳ್ಳಲಿಲ್ಲ. 2020ರಲ್ಲಿ ಸಂಸತ್ತು ಆ ಕಾಯಿದೆಯನ್ನು ತಿದ್ದಿತು, ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡುವವರಿಗೆ ಶಿಕ್ಷೆ ಗೊತ್ತುಮಾಡಿತು. ಅದು ಅಗತ್ಯವೇ ಆಗಿತ್ತು. ಅದೇ ತಿದ್ದುಪಡಿಯಲ್ಲಿ ಎರಡು ಮಾತು ಸೇರಿಸಬಹುದಿತ್ತು: ಜನಹಿತಕ್ಕಾಗಿ ಕೂಡಿಹಾಕಿದವರ ಊಟ, ವಸತಿ, ತಪ್ಪಿದ ದುಡಿಮೆ ಸರಕಾರದ ಹೊಣೆ; ರಾಜ್ಯದ ಗೆರೆಯ ಎರಡೂ ಬದಿಯ ಹಳ್ಳಿಗಳನ್ನು ರೋಗದ ಲೆಕ್ಕಕ್ಕೆ ಒಂದೇ ಸೀಮೆಯಾಗಿ ಎಣಿಸಬೇಕು. ಎರಡನೆಯದಕ್ಕೆ ಹಣವೂ ಬೇಕಿಲ್ಲ, ಈರೋಡಿನ ಮತ್ತು ಚಾಮರಾಜನಗರದ ಜಿಲ್ಲಾಧಿಕಾರಿಗಳು ಒಂದು ಮೇಜಿನ ಮುಂದೆ ಕುಳಿತರೆ ಸಾಕು.