ರಣಹದ್ದಿನ ಸಾವೂ ಅಯಾನಿನ ಸಾಕ್ಷ್ಯವೂ

ಮುಂಬಯಿಯ ಕೋಟೆ ವಿಭಾಗದಲ್ಲಿ, ಲಯನ್ ಗೇಟಿನ ಎದುರಿಗೆ, 'ಹಾರ್ನ್‌ಬಿಲ್ ಹೌಸ್' ಎಂಬ ಕಟ್ಟಡವೊಂದಿದೆ. ಅವಸರದಿಂದ ಕಚೇರಿಗೆ ಹೋಗುವ ನಮ್ಮವರಲ್ಲಿ ಅನೇಕರು ದಿನವೂ ಅದರ ಮುಂದೆ ಹಾದುಹೋಗುತ್ತಾರೆ. ಒಳಗೇನಿದೆಯೆಂದು ಬಲ್ಲವರು ವಿರಳ. 1883ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ನಗರವಾಸಿಗಳು ಕೂಡಿ ಸ್ಥಾಪಿಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನೆಲೆ ಅದು. ಹಕ್ಕಿ, ಮೃಗ, ಹಾವು, ಕಪ್ಪೆ, ಕೀಟ ಇವುಗಳ ಲಕ್ಷಕ್ಕೂ ಮಿಕ್ಕ ಮಾದರಿಗಳನ್ನು ಅಲ್ಲಿ ಜೋಪಾನವಾಗಿ ಇರಿಸಲಾಗಿದೆ.

ಈ ಸಂಸ್ಥೆಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸ್ಥಾಪಕರಲ್ಲಿ ಒಬ್ಬರಾದ ಇ. ಎಚ್. ಐಟ್ಕನ್ ಸುಂಕದ ಇಲಾಖೆಯ ಅಧಿಕಾರಿಯಾಗಿ ಕಾರವಾರದಲ್ಲಿದ್ದವರು. ಅವರೂ ಡೇವಿಡ್‌ಸನ್, ಬೆಲ್ ಎಂಬ ಇನ್ನಿಬ್ಬರೂ ಸೇರಿ ಆ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬರೆದ ಲೇಖನಮಾಲೆಯು 1890ರ ದಶಕದಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಟ್ಟಡಕ್ಕೆ ಹೆಸರು ಕೊಟ್ಟ ಹಕ್ಕಿಯೂ ನಮ್ಮ ಕಡೆಯದೇ. 1894ರಲ್ಲಿ ಕಾರವಾರದ ಇಂಗಲ್ ಎಂಬವರು ಮೂರು ತಿಂಗಳ ಮಂಗಟ್ಟೆಯ ಮರಿಯೊಂದನ್ನು ಸೊಸೈಟಿಗೆ ಕಾಣಿಕೆಯಾಗಿ ಕೊಟ್ಟರು. 'ವಿಲಿಯಂ' ಎಂಬ ನಾಮಧೇಯದಿಂದ ಅದು 1920ರವರೆಗೆ ಕಚೇರಿಯಲ್ಲಿಯೇ ಬಾಳಿತು. ಮೂವತ್ತು ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ! ತರುವಾಯ 1911ರಲ್ಲಿ ಆರಂಭವಾದ ಸಸ್ತನಿಗಳ ಸಮೀಕ್ಷೆಗಾಗಿ ಶಾರ್ಟ್‌ರಿಜ್ ಎಂಬವರು ಧಾರವಾಡ, ಕೆನರಾ, ಕೊಡಗುಗಳಲ್ಲಿ ಪ್ರಾಣಿಗಳನ್ನು ಸಂಗ್ರಹಿಸಿದರು. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು.

ಸತ್ತ ಹಕ್ಕಿಯ ಚರ್ಮಕ್ಕೆ ಹತ್ತಿ ತುಂಬಿ ನೂರು ವರ್ಷ ಕಾಪಾಡುವುದರಿಂದ ಯಾರಿಗೇನು ಲಾಭ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಸಂಗತವೇನಲ್ಲ. ಉತ್ತರವು ಆ ಹಕ್ಕಿಯ ಕಾಲಿಗೆ ಕಟ್ಟಿದ ಪುಟ್ಟ ಚೀಟಿಯಲ್ಲಿದೆ: ಯಾವ ಊರು, ಯಾವ ದಿನ, ಗಂಡೋ ಹೆಣ್ಣೋ, ಹಿಡಿದವರು ಯಾರು. ಚೀಟಿ ಕಳೆದುಹೋದರೆ ಉಳಿಯುವುದು ಬರಿಯ ಗರಿ. ಚೀಟಿಯಿದ್ದರೆ ಅದೊಂದು ದಸ್ತಾವೇಜು. ಸಂಗ್ರಹಿಸಿದವನಿಗೆ ಹೊಳೆದೇ ಇರದ ಪ್ರಶ್ನೆಯನ್ನು ಮುಂದಿನ ತಲೆಮಾರು ಅದರ ಮುಂದೆ ಇಡಬಹುದು. ಇಂಗ್ಲೆಂಡಿನ ರಾಟ್‌ಕ್ಲಿಫ್ 1967ರಲ್ಲಿ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ತೂಗಿ ಅಳೆದು, ಬೇಟೆಹಕ್ಕಿಗಳ ಮೊಟ್ಟೆಯ ಚಿಪ್ಪು 1940ರ ದಶಕದ ಕೊನೆಯಿಂದ ತೆಳುವಾಗುತ್ತ ಬಂದಿರುವುದನ್ನು ತೋರಿಸಿದರು. ಡಿ.ಡಿ.ಟಿ.ಯ ಕೇಡು ಬಯಲಾದುದು ಹೀಗೆ.

ನಮ್ಮ ದೇಶದಲ್ಲಿ ಇದಕ್ಕಿಂತ ಘೋರವಾದುದು ರಣಹದ್ದಿನ ವಿಷಯದಲ್ಲಿ ನಡೆಯಿತು. ಭರತಪುರದಲ್ಲಿ ರಣಹದ್ದುಗಳು ಗುಂಪುಗುಂಪಾಗಿ ಸಾಯುತ್ತಿರುವುದನ್ನು ಸೊಸೈಟಿಯ ವಿಭು ಪ್ರಕಾಶ್ 1999ರಲ್ಲಿ ವರದಿ ಮಾಡಿದರು. 1992ರಿಂದ 2007ರ ಒಳಗೆ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿಯಿತು! ಈ ನಗರದಲ್ಲಿಯೇ, ಮಲಬಾರ್ ಹಿಲ್ಲಿನ ಡೂಂಗರ್‌ವಾಡಿಯಲ್ಲಿ, ಪಾರ್ಸಿ ಬಂಧುಗಳು ಹದ್ದುಗಳಿಲ್ಲದೆ ಸೂರ್ಯರಶ್ಮಿಯನ್ನು ಕೇಂದ್ರೀಕರಿಸುವ ಫಲಕಗಳ ಮೊರೆಹೊಗಬೇಕಾಯಿತು.

ಸತ್ತ ಹದ್ದುಗಳನ್ನು ಸೀಳಿ ನೋಡಿದಾಗ ಒಳಗಿನ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಲೇಪ ಕಂಡಿತು. ಮೂತ್ರಪಿಂಡ ಕೆಟ್ಟಿತ್ತೆಂಬುದು ಸ್ಪಷ್ಟ. ಕೆಡಿಸಿದುದು ಯಾವುದು? 2004ರಲ್ಲಿ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದ ಹದ್ದುಗಳಿಂದ ಉತ್ತರ ಕಂಡುಕೊಂಡರು. ಈ ಲಕ್ಷಣವಿದ್ದ 25 ಹದ್ದುಗಳಲ್ಲಿ ಇಪ್ಪತ್ತೈದರಲ್ಲಿಯೂ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಸಿಕ್ಕಿತು. ಲಕ್ಷಣವಿಲ್ಲದ 13ರಲ್ಲಿ ಒಂದರಲ್ಲಿಯೂ ಇರಲಿಲ್ಲ. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಹಸುವಿಗೆ ರೈತನು ಮರುಕದಿಂದ ಕೊಡಿಸಿದ ಮದ್ದು ಅದು. ಅವನನ್ನು ದೂಷಿಸಿ ಫಲವಿಲ್ಲ.

ಭಾರತದಲ್ಲಿ ಈ ವಿಷ ಎಷ್ಟು ಹರಡಿದೆಯೆಂಬುದನ್ನು ಅಳೆಯುವ ಕೆಲಸದಲ್ಲಿ ಅಣು-ಅಯಾನು ಸಾಕ್ಷಿಯಾಗಿ ಬಂದಿತು. ಅಣುವನ್ನು ತಕ್ಕಡಿಯಲ್ಲಿಟ್ಟು ತೂಗಲಾಗದಷ್ಟೆ. ಆದರೆ ಅದಕ್ಕೆ ವಿದ್ಯುದಾವೇಶ ಬಂದರೆ ಅದು ಅಯಾನಾಗುತ್ತದೆ. ವಿದ್ಯುತ್‌ಕ್ಷೇತ್ರದಲ್ಲಿ ಓಡುತ್ತದೆ, ಬಾಗುತ್ತದೆ. ಹಗುರವಾದುದರ ದಾರಿಯೇ ಬೇರೆ, ಭಾರವಾದುದರ ದಾರಿಯೇ ಬೇರೆ. ಆ ದಾರಿಯಿಂದ ತೂಕವನ್ನು ತಿಳಿಯುವ ಯಂತ್ರವೇ ಮಾಸ್ ಸ್ಪೆಕ್ಟ್ರೋಮೀಟರ್. ದ್ರಾವಣವನ್ನು ಅಧಿಕ ವೋಲ್ಟೇಜಿನಲ್ಲಿ ಸೂಕ್ಷ್ಮ ತುಂತುರಾಗಿ ಸಿಂಪಡಿಸಿ, ಅಣುವನ್ನು ಒಡೆಯದೆ ಅಯಾನಾಗಿಸುವ ವಿಧಾನಕ್ಕಾಗಿ ಜಾನ್ ಫೆನ್ ಅವರಿಗೆ 2002ರ ನೊಬೆಲ್ ಬಹುಮಾನದಲ್ಲಿ ಪಾಲು ಸಂದಿತು.

ಡೈಕ್ಲೋಫಿನಾಕ್ ಅಣುವಿನಿಂದ ಒಂದು ಪ್ರೋಟಾನು ಕಳಚಿದರೆ ಉಳಿಯುವ ಋಣ ಅಯಾನಿನ ರಾಶಿಸಂಖ್ಯೆ 294. ಅದು ಒಂದು ಇಂಗಾಲದ ಡೈ ಆಕ್ಸೈಡನ್ನು ಬಿಟ್ಟುಕೊಟ್ಟಾಗ 250. ಇನ್ನೂ ಒಂದು ಗುರುತುಂಟು. ಈ ಅಣುವಿನಲ್ಲಿ ಎರಡು ಕ್ಲೋರಿನ್ ಪರಮಾಣುಗಳಿವೆ. ನಿಸರ್ಗದಲ್ಲಿ ಕ್ಲೋರಿನ್ 35 ಮತ್ತು 37 ಎಂಬ ಎರಡು ತೂಕಗಳಲ್ಲಿ, ಸುಮಾರು ಮೂರಕ್ಕೆ ಒಂದರಂತೆ, ದೊರೆಯುತ್ತದೆ. ಆದುದರಿಂದ ಯಂತ್ರದ ನಕ್ಷೆಯಲ್ಲಿ 294, 296, 298 ಎಂದು ಮೂರು ಶಿಖರಗಳು ಸುಮಾರು 9:6:1ರ ಪ್ರಮಾಣದಲ್ಲಿ ಏಳುತ್ತವೆ. ಹೆಬ್ಬೆಟ್ಟಿನ ಗುರುತಿನಂತೆ ಇದನ್ನು ಅಲ್ಲಗಳೆಯುವುದು ಕಷ್ಟ.

ಇಂಥ ಯಂತ್ರದಿಂದ ಟ್ಯಾಗರ್ಟ್ ಮೊದಲಾದವರು, 2004–05ರಲ್ಲಿ ಹಲವು ರಾಜ್ಯಗಳಿಂದ ತಂದ 1,848 ಸತ್ತ ಜಾನುವಾರುಗಳ ಯಕೃತ್ತುಗಳನ್ನು ಪರೀಕ್ಷಿಸಿದರು. ನೂರಕ್ಕೆ ಹತ್ತರಲ್ಲಿ ಔಷಧ ಸಿಕ್ಕಿತು. ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಹೆಣಗಳಲ್ಲಿ ವಿಷವಿದ್ದರೂ ಹದ್ದುಗಳ ಕುಲ ಕುಸಿಯಲು ಸಾಕೆಂದು ಲೆಕ್ಕಹಾಕಲಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. 2006ರಲ್ಲಿ ಸರಕಾರವು ಪಶುಗಳಿಗೆ ಡೈಕ್ಲೋಫಿನಾಕ್ ಬಳಸುವುದನ್ನು ನಿಷೇಧಿಸಿತು.

ಅಣು-ಅಯಾನುಗಳ ಸ್ವಭಾವವನ್ನು ಕೇವಲ ಜ್ಞಾನಕ್ಕಾಗಿ ಶೋಧಿಸುವವರೂ ಇದೇ ನಗರದಲ್ಲಿದ್ದಾರೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದೀಪಕ್ ಮಾಥುರ್ ಮತ್ತು ಸಹೋದ್ಯೋಗಿಗಳು, ಎರಡೆರಡು ಎಲೆಕ್ಟ್ರಾನು ಕಳೆದುಕೊಂಡ ಅಣುಗಳು ಹೇಗೆ ಉಳಿಯುತ್ತವೆ, ಹೇಗೆ ಸಿಡಿಯುತ್ತವೆ ಎಂಬುದನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಹದ್ದಿಗೂ ಅದಕ್ಕೂ ನೇರ ಸಂಬಂಧವಿಲ್ಲ, ನಿಜ. ಹಕ್ಕಿಯ ಚರ್ಮಕ್ಕೆ ಚೀಟಿ ಕಟ್ಟಿದವನಿಗೂ ಅಂಥ ಸಂಬಂಧವೇನೂ ತಿಳಿದಿರಲಿಲ್ಲ.

ಹಳೆಯ ಚರ್ಮಗಳು ಈ ಪ್ರಕರಣದಲ್ಲಿಯೂ ಮಾತನಾಡಿದವು. ಉದ್ದಕೊಕ್ಕಿನ ರಣಹದ್ದು ಒಂದೇ ಜಾತಿಯೆಂದು ಬಹುಕಾಲ ಎಣಿಸಲಾಗಿತ್ತು. ರಾಸ್‌ಮುಸೆನ್ ಮತ್ತು ಪ್ಯಾರಿ 2001ರಲ್ಲಿ ಸಂಗ್ರಹಾಲಯಗಳ ಮಾದರಿಗಳನ್ನು ಹೋಲಿಸಿ, ಬಂಡೆಗಳಲ್ಲಿ ಗೂಡುಕಟ್ಟುವ ನಮ್ಮ ಕಡೆಯದು ಬೇರೆ, ಉತ್ತರದ ತೆಳುಕೊಕ್ಕಿನದು ಬೇರೆ ಎಂದು ತೋರಿಸಿದರು. ಸೊಸೈಟಿಯು ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿಮಾಡಿಸುವ ಕೇಂದ್ರವನ್ನು ನಡೆಸಿದಾಗ ಈ ಭೇದ ಅತ್ಯವಶ್ಯಕವಾಯಿತು. ಇಲ್ಲವಾದರೆ ಎರಡು ಜಾತಿಗಳು ಬೆರೆತುಹೋಗುತ್ತಿದ್ದವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಸೆಕ್ಲೋಫಿನಾಕ್ ಎಂಬ ಇನ್ನೊಂದು ಔಷಧವು ಹಸುವಿನ ದೇಹದಲ್ಲಿ ಡೈಕ್ಲೋಫಿನಾಕ್ ಆಗಿಯೇ ಮಾರ್ಪಡುತ್ತದೆಂದು 2016ರಲ್ಲಿ ಪ್ರಕಟವಾಯಿತು. ಅಂಗಡಿಯ ಪೊಟ್ಟಣದ ಮೇಲಿನ ಹೆಸರು ಬೇರೆಯಾದರೂ ಯಂತ್ರದಲ್ಲಿ ಏಳುವ ಶಿಖರ ಅದೇ 294. ಆದರೂ ಅದರ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ಅದರ ಜೊತೆಯಲ್ಲಿ ಕೀಟೋಪ್ರೊಫೆನ್ನಿಗೂ, 2024ರ ಡಿಸೆಂಬರಿನಲ್ಲಿ ನಿಮೆಸುಲೈಡಿಗೂ ತಡೆ ಬಿದ್ದಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಗಿದೆ. ಅದರ ಬಂಡೆಗಳಲ್ಲಿ ಉಳಿದಿರುವ ಉದ್ದಕೊಕ್ಕಿನ ಹದ್ದುಗಳನ್ನು ಬೆರಳೆಣಿಸಿ ಹೇಳಬಹುದು.