ಹಾರುವ ನಾಯಕನೂ ಚೌಕಿಯ ಬಣ್ಣವೂ

ಕಳೆದ ಬೇಸಗೆ ರಜೆಯಲ್ಲಿ ಮಂಗಳೂರಿನ ನಮ್ಮ ಚಿಕಿತ್ಸಾಲಯಕ್ಕೆ ಆರು ವರ್ಷದ ಬಾಲಕನೊಬ್ಬನನ್ನು ಅವನ ಅಜ್ಜ ಕರೆತಂದರು. ಎಡಗೈಯ ಮಣಿಕಟ್ಟು ಊದಿಕೊಂಡಿತ್ತು. ಸ್ಪೈಡರ್‌ಮ್ಯಾನ್ ಮುಖವಾಡ ತೊಟ್ಟು ಮನೆಯ ಕಂಪೌಂಡು ಗೋಡೆಯಿಂದ ಹಾರಿದ್ದನಂತೆ. ಎರಡು ದಿನ ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ನಾವು ತೈಲದ ಸೀಸೆಯನ್ನು ಮುಟ್ಟದೆ ಮೊದಲು ಎಕ್ಸ್‌ರೇಗೆ ಕಳುಹಿಸಿದೆವು. ಮೂಳೆ ಬಿರುಕು ಬಿಟ್ಟಿತ್ತು.

"ಮನುಷ್ಯ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳುವುದುಂಟಾ ಡಾಕ್ಟ್ರೇ? ಇಂಥ ಸುಳ್ಳು ತೋರಿಸಿಯೇ ಮಕ್ಕಳು ಹಾಳಾಗುವುದು" ಎಂದು ಅಜ್ಜ ಸಿಡುಕಿದರು. ಕಟೀಲು ಮೇಳದ 'ದೇವಿ ಮಹಾತ್ಮೆ'ಯನ್ನು ಅವರು ಅದೆಷ್ಟು ರಾತ್ರಿ ನಿದ್ದೆಗೆಟ್ಟು ನೋಡಿದ್ದಾರೆಂಬುದು ನಮಗೆ ತಿಳಿದಿತ್ತು. ದೊಂದಿಗಳಿಗೆ ರಾಳದ ಹುಡಿ ಎರಚಿ ಬೆಂಕಿಯೆಬ್ಬಿಸುತ್ತ, ಸಭೆಯ ನಡುವಿನಿಂದಲೇ ಮಹಿಷಾಸುರ ಅಬ್ಬರಿಸಿ ಬರುವಾಗ, ಕೋಡುಳ್ಳ ಮನುಷ್ಯನುಂಟೇ ಎಂದು ಯಾರೂ ಕೇಳುವುದಿಲ್ಲ.

ಕೇಳದಿರುವುದು ಮೌಢ್ಯವಲ್ಲ. ಆಂಗ್ಲ ಕವಿ ಕೋಲ್‌ರಿಜ್ 1817ರಲ್ಲಿ ಇದನ್ನು ಅಪನಂಬಿಕೆಯನ್ನು ಸ್ವಇಚ್ಛೆಯಿಂದ ಬದಿಗಿಡುವುದೆಂದು ಕರೆದನು. ನಮ್ಮ ಶಂಕುಕನು ಅದಕ್ಕೂ ಬಹಳ ಹಿಂದೆ ಚಿತ್ರತುರಗ ನ್ಯಾಯವನ್ನು ಹೇಳಿದ್ದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು 'ಕುದುರೆ' ಎನ್ನುತ್ತೇವೆ. ಅದು ನಿಜಜ್ಞಾನವಲ್ಲ, ಭ್ರಮೆಯಲ್ಲ, ಸಂಶಯವೂ ಅಲ್ಲ. ಅದನ್ನೇರಿ ಊರಿಗೆ ಹೋಗಲು ಯಾರೂ ಯತ್ನಿಸುವುದಿಲ್ಲ. ಕಾಶ್ಮೀರದ ಅಭಿನವಗುಪ್ತನು ರಸಾನುಭವಕ್ಕೆ ಒದಗುವ ಏಳು ವಿಘ್ನಗಳಲ್ಲಿ ಮೊದಲನೆಯದಾಗಿ ಎಣಿಸಿದ್ದು 'ಹೀಗೂ ನಡೆದೀತೆ' ಎಂಬ ಅಸಂಭಾವ್ಯತೆಯನ್ನೇ. ಲೋಕೋತ್ತರ ಕಾರ್ಯಗಳನ್ನು ತೋರಿಸುವಾಗ ರಾಮನಂತಹ ಪ್ರಖ್ಯಾತರ ಹೆಸರನ್ನು ಆರಿಸಿಕೊಂಡರೆ ಆ ವಿಘ್ನ ನೀಗುತ್ತದೆ, ಏಕೆಂದರೆ ಆ ಹೆಸರಿನ ಮೇಲೆ ನಂಬಿಕೆ ಮೊದಲೇ ಬೇರೂರಿರುತ್ತದೆ ಎಂಬುದು ಅವನ ವಿವರಣೆ. ಹನುಮಂತನ ಲಂಘನವನ್ನು ಅಜ್ಜ ಒಪ್ಪಿದ್ದು ಹೀಗೆ. ಮೊಮ್ಮಗನಿಗೋ, ಶಾಲೆಯ ಚೀಲದಿಂದ ತಲೆದಿಂಬಿನವರೆಗೆ ಪ್ರಖ್ಯಾತನಾಗಿರುವವನು ಸ್ಪೈಡರ್‌ಮ್ಯಾನ್.

ಹಾಗಾದರೆ ಅಜ್ಜ ಹಾರಲಿಲ್ಲ, ಮೊಮ್ಮಗ ಹಾರಿದ, ಏಕೆ? ನಾವು ಬಾಲಕನನ್ನೇ ವಿಚಾರಿಸಿದೆವು. ಸ್ಪೈಡರ್‌ಮ್ಯಾನ್ ನಿಜವೇ ಎಂದರೆ, "ಅಲ್ಲ, ಅದು ಪಿಕ್ಚರ್" ಎಂದನು. ಮತ್ತೇಕೆ ಹಾರಿದೆ ಎಂದರೆ, "ಹಾರುವಾಗ ನೆನಪಾಗ್ಲಿಲ್ಲ."

ಇದಕ್ಕಿಂತ ಸ್ಪಷ್ಟವಾದ ರೋಗನಿದಾನವನ್ನು ನಾವು ದೊಡ್ಡವರ ಬಾಯಿಂದಲೂ ಅಪರೂಪಕ್ಕೆ ಕೇಳಿದ್ದೇವೆ. ಧೀ, ಧೃತಿ, ಸ್ಮೃತಿಗಳು ಜಾರಿದಾಗ ಮಾಡುವ ಅಹಿತಕರ್ಮವನ್ನು ಚರಕಾಚಾರ್ಯರು ಪ್ರಜ್ಞಾಪರಾಧವೆಂದರು. ಈ ಮಗುವಿನ ಧೀ, ಅಂದರೆ ತಿಳಿವಳಿಕೆ, ಸರಿಯಾಗಿಯೇ ಇತ್ತು. ಆವೇಶದ ಕ್ಷಣದಲ್ಲಿ ಆ ತಿಳಿವು ನೆನಪಿಗೆ ಬರಲಿಲ್ಲ. ಮನಸ್ಸನ್ನು ತಡೆದು ನಿಲ್ಲಿಸುವ ಧೃತಿಯು ಆ ವಯಸ್ಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ 'ಅದೆಲ್ಲ ಸುಳ್ಳು' ಎಂದು ನೂರು ಬಾರಿ ಹೇಳಿದರೂ ಪ್ರಯೋಜನ ಅಲ್ಪ. ಅವನಿಗೆ ಅದು ಗೊತ್ತೇ ಇದೆ.

ಇದು ಹೊಸ ತೊಂದರೆಯೇನಲ್ಲ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಆರಂಭವಾದ ಬಳಿಕ ಅನುಕರಿಸಲು ಹೋದ ಮಕ್ಕಳ ಸುದ್ದಿಗಳು ಬಂದು, ನಟ ಮುಖೇಶ್ ಖನ್ನಾ ಅವರೇ ತೆರೆಯ ಮೇಲೆ ಮಕ್ಕಳಿಗೆ ಎಚ್ಚರಿಕೆ ಹೇಳಬೇಕಾಯಿತು. ಬ್ರಿಟನ್ನಿನ ಮಕ್ಕಳ ವೈದ್ಯರು 2007ರಲ್ಲಿ ಇಂತಹ ವೇಷ ತೊಟ್ಟು ಗಾಯಗೊಂಡ ಐವರು ಮಕ್ಕಳ ವರದಿಯನ್ನು ಪ್ರಕಟಿಸಿದರು.

ಚಿತ್ರಗಳನ್ನೇ ನಿಷೇಧಿಸಬೇಕೆಂದು ನಾವು ಹೇಳುವುದಿಲ್ಲ. ವೇಷದ ಆಟ ನೆಲದ ಮೇಲಿರಲಿ. ಬಾಲ್ಕನಿ, ತಾರಸಿ, ಬಾವಿಕಟ್ಟೆಗಳ ಬಳಿ ಬೇಡ, ಹಿರಿಯರ ಕಣ್ಣು ಇರಲಿ. ಮಾತು ಕೇಳದ ಮಗುವನ್ನು ರಾಕ್ಷಸ, ಪಿಶಾಚಿಗಳ ಹೆಸರೆತ್ತಿ ಹೆದರಿಸಕೂಡದೆಂದು ಚರಕಸಂಹಿತೆಯ ಶಾರೀರಸ್ಥಾನದಲ್ಲಿಯೇ ಇದೆ. ಬಿದ್ದ ಮಗುವಿನ ಕೈಕಾಲು ಊದಿದ್ದರೆ ತಿಕ್ಕದೆ, ಅಲುಗದಂತೆ ಆಧಾರ ಕೊಟ್ಟು ವೈದ್ಯರ ಬಳಿಗೆ ಒಯ್ಯಿರಿ. ತಲೆಗೆ ಪೆಟ್ಟಾಗಿ ಪದೇ ಪದೇ ವಾಂತಿ, ಮಂಪರು, ಪ್ರಜ್ಞೆ ತಪ್ಪುವುದು, ಕಿವಿ ಮೂಗುಗಳಲ್ಲಿ ರಕ್ತ ಅಥವಾ ನೀರು ಕಂಡರೆ ಒಂದು ಕ್ಷಣವನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ಆಯುರ್ವೇದದವರಾದ ನಾವೇ ಇದನ್ನು ಹೇಳುತ್ತಿದ್ದೇವೆ.

ಅಜ್ಜನಿಗೆ ಇನ್ನೊಂದು ಮಾತನ್ನೂ ಹೇಳಿದೆವು: ಮೊಮ್ಮಗನಿಗೆ ಚೌಕಿಯನ್ನು ತೋರಿಸಿ. ನಟನ ಸೊಂಟಕ್ಕೆ ಕಟ್ಟಿದ ತಂತಿ, ಕೆಳಗೆ ಹಾಸಿದ ದಪ್ಪ ಹಾಸಿಗೆಗಳಿರುವ ಚಿತ್ರೀಕರಣದ ದೃಶ್ಯಗಳು ಈಗ ಮೊಬೈಲಿನಲ್ಲಿಯೇ ಸಿಗುತ್ತವೆ, ಅವೂ ಚೌಕಿಯೇ. ಹಾರಾಟದೊಂದಿಗೆ ಹಗ್ಗವೂ ನೆನಪಿನಲ್ಲಿ ಅಂಟಿಕೊಂಡರೆ, ಹಾರಹೊರಟ ಮಗುವಿಗೆ ಹಗ್ಗವಿಲ್ಲವೆಂಬುದೂ ಹೊಳೆದೀತು.

ಮೇಳಗಳ ತಿರುಗಾಟ ಆರಂಭವಾದ ಮೇಲೆ ಅಜ್ಜ ನಿಜವಾದ ಚೌಕಿಗೇ ಕರೆದೊಯ್ದರು. ಒಂದು ರಾತ್ರಿಯ ಜಾಗರಣೆಗೆ ನಾವೇ ಒಪ್ಪಿಗೆ ಕೊಟ್ಟಿದ್ದೆವು. ಕಲಾವಿದರೊಬ್ಬರು ಕನ್ನಡಿ ಹಿಡಿದು ಮುಖಕ್ಕೆ ಒಂದೊಂದೇ ಚಿಟ್ಟಿಯಿಟ್ಟು ಮಹಿಷನಾಗುವುದನ್ನು ಬಾಲಕ ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದನಂತೆ. ಅವರು ಅವನಿಗೆ ಚಾ ಸಹ ಕೊಡಿಸಿದರಂತೆ. ಆಮೇಲೆ ದೊಂದಿಗಳು ಉರಿದು ಅದೇ ಮಹಿಷ ಸಭೆಗೆ ನುಗ್ಗಿದಾಗ ಮಾತ್ರ ಅಜ್ಜನ ಪಂಚೆಯೊಳಗೆ ಮುಖ ಹುದುಗಿಸಿ, ಒಂದೇ ಕಣ್ಣಿನಿಂದ ನೋಡುತ್ತಿದ್ದನೆಂದು ಅಜ್ಜ ನಗುತ್ತ ಹೇಳಿದರು.